ಐವತ್ತನಾಲ್ಕು ಮೆಟ್ಟಿಲು

ಡೊಂಬಿವಲಿ ಪೂರ್ವದಲ್ಲಿರುವ ಅಪ್ಪನ ಮನೆ ಮೂರನೇ ಮಾಳಿಗೆಯಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲು ಐವತ್ತನಾಲ್ಕು. ಚಿಕ್ಕಂದಿನಲ್ಲಿ ಶಾಲೆಯಿಂದ ಬರುವಾಗ ಎಣಿಸುತ್ತಲೇ ಹತ್ತುತ್ತಿದ್ದೆ, ಹಾಗಾಗಿ ಈ ಲೆಕ್ಕ ನನಗೆ ಬಾಯಿಪಾಠ. ಒಬ್ಬ ಮನುಷ್ಯ ತನ್ನ ಮನೆಯಲ್ಲಿ ತಾನು ಇರಬಹುದೋ ಬಾರದೋ ಎಂಬುದನ್ನು ಈ ಲೆಕ್ಕವೇ ತೀರ್ಮಾನಿಸುತ್ತದೆ ಎಂದು ಮಾತ್ರ ಕಳೆದ ವರ್ಷದವರೆಗೆ ಹೊಳೆದಿರಲಿಲ್ಲ.

ಅಪ್ಪನ ಊರು ಕುಂದಾಪುರದ ಹತ್ತಿರ. 1964ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಊರಿನವರೊಬ್ಬರ ಬೆನ್ನು ಹಿಡಿದು ಮುಂಬಯಿಗೆ ಬಂದವರು. ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ, ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತಿಕೆ. ಇದನ್ನು ಓದುತ್ತಿರುವ ಎಷ್ಟೋ ಜನರ ಮನೆಯಲ್ಲೂ ಇದೇ ಕಥೆ ಇರುವುದರಿಂದ ಬೆಳೆಸುವುದಿಲ್ಲ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅಪ್ಪ ಒಬ್ಬರೇ ಇದ್ದರು, ಆರಾಮವಾಗಿಯೇ ಇದ್ದರು.

ಜೂನ್ ತಿಂಗಳ ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿದರು. ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಅದು ಅಷ್ಟು ದೊಡ್ಡ ವಿಷಯವಲ್ಲ, ಆರು ವಾರದಲ್ಲಿ ಕೂಡಿಕೊಂಡಿತು. ದೊಡ್ಡ ವಿಷಯವೆಂದರೆ ಅವರು ನಲವತ್ತು ನಿಮಿಷ ನೆಲದ ಮೇಲೆಯೇ ಇದ್ದದ್ದು. ಫೋನು ಹಾಲ್‌ನಲ್ಲಿತ್ತು. ಏಳಲು ಆಗಲಿಲ್ಲ. ಕೊನೆಗೆ ಬಕೆಟ್ಟನ್ನು ಗೋಡೆಗೆ ಬಡಿದು ಬಡಿದು ಪಕ್ಕದ ಮನೆಯ ಮರಾಠಿ ಅಜ್ಜಿಗೆ ಕೇಳಿಸಿತು. ಅವರ ಹತ್ತಿರ ನಮ್ಮ ಬೀಗದ ಕೈ ಒಂದು ಇರುತ್ತದೆ. ‘ಕೈ ನೋವಿಗಿಂತ, ಏಳ್ಲಿಕ್ಕೆ ಆಗ್ಲಿಲ್ಲ ಅಂತ ನಾಚಿಕೆ ಆಯ್ತು ಮಗಾ’ ಎಂದು ಅಪ್ಪ ಆಮೇಲೆ ಹೇಳಿದರು. ಆಗ ನಾನು ಆ ಮಾತಿಗೆ ಕಿವಿ ಕೊಡಲಿಲ್ಲ. ಎಕ್ಸ್-ರೇ ನೋಡುವುದರಲ್ಲಿ ಮುಳುಗಿದ್ದೆ.

ಅವರನ್ನು ಮುಲುಂಡಿನ ನಮ್ಮ ಮನೆಗೆ ಕರೆತಂದೆ. ಹತ್ತೊಂಬತ್ತನೇ ಮಾಳಿಗೆ, ಎರಡು ಲಿಫ್ಟ್, ಕಮೋಡ್, ಜಾರದ ಟೈಲ್ಸ್. ವಾರದಲ್ಲಿ ಮೂರು ದಿನ ಐರೋಲಿಯ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ಹಾಗಾಗಿ ನೋಡಿಕೊಳ್ಳಲು ಅನುಕೂಲವೂ ಇತ್ತು. ಚೆನ್ನಾಗಿಯೇ ನೋಡಿಕೊಂಡೆ. ಅವರು ನೀರಿಗೆ ಎದ್ದರೆ ‘ನೀವು ಕೂತ್ಕೊಳ್ಳಿ ಅಪ್ಪ, ನಾನು ತರ್ತೇನೆ’. ಹಾಲು ಬಾಗಿಲಿಗೆ ಬರುತ್ತಿತ್ತು, ತರಕಾರಿ ಆ್ಯಪ್‌ನಲ್ಲಿ ಬರುತ್ತಿತ್ತು, ಚಹಾ ಸೋಫಾದ ಕೈಗೆ ಬರುತ್ತಿತ್ತು. ಮಳೆಯೆಂದು ಕೆಳಗೆ ಬಿಡಲಿಲ್ಲ, ಆಮೇಲೆ ಬಿಸಿಲೆಂದು ಬಿಡಲಿಲ್ಲ. ಊರಿನಿಂದ ಫೋನು ಮಾಡಿದ ದೊಡ್ಡಮ್ಮ ‘ಅಪ್ಪನ್ನ ಹೂವಿನ ಹಾಗೆ ಇಟ್ಕೊಂಡಿದ್ದೀ’ ಎಂದಾಗ ಖುಷಿಪಟ್ಟವಳು ನಾನು.

ಅಕ್ಟೋಬರ್‌ನಲ್ಲಿ ಒಂದು ಸಂಜೆ ನಾನು ಕಾಲ್‌ನಲ್ಲಿದ್ದೆ. ಅಪ್ಪ ಸೋಫಾದಿಂದ ಏಳಲು ಒಮ್ಮೆ ಮುಂದೆ ಬಾಗಿದರು, ಎರಡನೇ ಸಲ ಬಾಗಿದರು, ಮೂರನೇ ಸಲ ಬಾಗಿ ಅಲ್ಲೇ ಕೂತುಬಿಟ್ಟರು. ಆಮೇಲೆ ನನ್ನ ಕಡೆ ನೋಡಿ, ಮೀಟಿಂಗಿಗೆ ತೊಂದರೆಯಾಗದಂತೆ ಮೆಲ್ಲಗೆ, ‘ಮಗಾ, ಒಂದು ಕೈ ಕೊಡು’ ಎಂದರು. ಜೂನ್‌ವರೆಗೆ ಎರಡು ಕೈಯಲ್ಲೂ ಚೀಲ ಹಿಡಿದು ಐವತ್ತನಾಲ್ಕು ಮೆಟ್ಟಿಲು ಹತ್ತುತ್ತಿದ್ದ ಮನುಷ್ಯ. ಮುರಿದದ್ದು ಕೈ, ಸೋತದ್ದು ಕಾಲು. ಕಾಲಿಗೆ ಏನೂ ಆಗಿರಲಿಲ್ಲ, ನಾನು ಅದಕ್ಕೆ ಕೆಲಸ ಕೊಡದೆ ಇದ್ದದ್ದನ್ನು ಬಿಟ್ಟರೆ.

ಮರುವಾರ ಮನೆಗೆ ಬಂದ ಫಿಸಿಯೋಥೆರಪಿಸ್ಟ್ ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿ, ಮರಾಠಿಯವಳು. ಬಿಪಿ ನೋಡಿದಳು, ಎದೆನೋವು, ತಲೆಸುತ್ತು, ನುಂಗುವ ಮಾತ್ರೆ ಎಲ್ಲ ವಿಚಾರಿಸಿದಳು, ವೈದ್ಯರ ಚೀಟಿ ಓದಿದಳು. ಆಮೇಲೆ ಊಟದ ಮೇಜಿನ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಆಗುತ್ತದೋ ನೋಡೋಣ ಎಂದಳು. ಅಪ್ಪ ಮೊದಲ ಸಲವೇ ಕುರ್ಚಿಗೆ ಕೈ ಊರಿದರು. ‘ಕಾಕಾ, ಹಾತ್ ನಾಹೀ ಲಾವಾಯ್ಚಾ.’ ಕೈ ಊರಿದರೆ ಅಂಕ ಸೊನ್ನೆ. ಜೀವಮಾನವಿಡೀ ಲೆಡ್ಜರಿನಲ್ಲಿ ಒಂದು ಪೈಸೆ ತಪ್ಪದಂತೆ ಬರೆದ ಅಪ್ಪನಿಗೆ ಆ ಸೊನ್ನೆ ಚುಚ್ಚಿತು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಮಾಡಿದರು. ನಾಲ್ಕು ಬಂತು.

ಇದು ಅವಳು ಕಂಡುಹಿಡಿದ ಪರೀಕ್ಷೆಯಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬೀಳುವ ಅಪಾಯ ಅಳೆಯಲು ಬಳಸುವ ಪರೀಕ್ಷೆಗಳಲ್ಲಿ ಒಂದು. ಅವರ ಪಟ್ಟಿಯ ಪ್ರಕಾರ 65ರಿಂದ 74ರ ಗಂಡಸರು 12ಕ್ಕಿಂತ ಕಡಿಮೆ, 75ರಿಂದ 79ರವರು 11ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಹೆಚ್ಚು. ಹೆಂಗಸರಿಗೆ 65ರಿಂದ 69ರವರೆಗೆ 11, ಅಲ್ಲಿಂದ 79ರವರೆಗೆ 10. ಮನೆಯಲ್ಲಿ ಹಿರಿಯರಿದ್ದರೆ, ಪಕ್ಕದಲ್ಲಿ ಒಬ್ಬರು ನಿಂತುಕೊಂಡು ಮಾಡಿಸಿ ನೋಡಬಹುದು. ಸಕ್ಕರೆ, ಕೊಲೆಸ್ಟರಾಲ್ ಎಲ್ಲದರ ಅಂಕಿ ನಮಗೆ ಗೊತ್ತು, ಈ ಒಂದು ಅಂಕಿಯನ್ನು ಯಾರೂ ಕೇಳುವುದಿಲ್ಲ.

ಆ ರಾತ್ರಿ ನಾನು ಓದಲು ಕೂತೆ. ವಯಸ್ಸಿನ ಜತೆ ಮಾಂಸಖಂಡ ಕರಗುವುದಕ್ಕೆ ‘ಸಾರ್ಕೊಪೀನಿಯಾ’ ಎಂಬ ಹೆಸರಿದೆ. ಅಮೆರಿಕದ ವೈದ್ಯ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಗ್ರೀಕ್ ಪದಗಳನ್ನು ಜೋಡಿಸಿ ಇಟ್ಟ ಹೆಸರು. ಅಂದರೆ, ಈ ಕರಗುವಿಕೆಗೆ ಒಂದು ಹೆಸರು ಬೇಕೆಂದು ಯಾರಿಗಾದರೂ ಅನ್ನಿಸಿದ್ದೇ ತೀರ ಈಚೆಗೆ. ಅದಕ್ಕೆ ಮುಂಚೆ ಅದು ಬರೀ ‘ವಯಸ್ಸಾಯ್ತು’. ಸ್ನಾಯುವಿನ ಎಳೆಗಳಲ್ಲಿ ನಿಧಾನವಾಗಿ ದುಡಿಯುವವು, ಥಟ್ಟನೆ ಕೆಲಸಕ್ಕಿಳಿಯುವವು ಎಂದು ಎರಡು ಬಗೆ. ವಯಸ್ಸಾದಂತೆ ಹೆಚ್ಚು ಸವೆಯುವುದು ಎರಡನೆಯದು. ಕಾಲು ಜಾರಿದ ಕ್ಷಣದಲ್ಲಿ ಇನ್ನೊಂದು ಕಾಲನ್ನು ಫಕ್ಕನೆ ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದದ್ದು ಅದೇ. ಇನ್ನು ಸುಮ್ಮನೆ ಮಲಗಿದರೆ ಕರಗುವ ವೇಗ ಕೇಳಿ: 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರವತ್ತು ದಾಟಿದ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಲುಗಳ ಸ್ನಾಯು ಸುಮಾರು ಒಂದು ಕಿಲೋ ಇಳಿದಿತ್ತು. ಅಪ್ಪ ಮಲಗಿರಲಿಲ್ಲ, ನಿಜ. ಆದರೆ ನಾಲ್ಕು ತಿಂಗಳು ಕೂತಿದ್ದರು.

ಕರಗಿದ್ದು ವಾಪಸು ಬರುತ್ತದೆಯೇ ಎಂಬುದು ನನ್ನ ನಿಜವಾದ ಪ್ರಶ್ನೆಯಾಗಿತ್ತು. ಉತ್ತರ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಸಿಕ್ಕಿತು. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತವರ ಜತೆಗಾರರು ಅಲ್ಲಿಯ ಹತ್ತು ಮಂದಿಯಿಂದ, 86ರಿಂದ 96 ವಯಸ್ಸಿನ ಬಲಹೀನ ಮುದುಕ ಮುದುಕಿಯರಿಂದ, ಕಾಲಿಗೆ ಭಾರ ಎತ್ತಿಸಿದರು. ಭಾರ ಹಗುರವೇನಲ್ಲ. ಒಂಬತ್ತು ಮಂದಿ ಎಂಟು ವಾರ ಪೂರೈಸಿದರು. ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತ್ತು. ಇಬ್ಬರು ಊರುಗೋಲು ಬಿಟ್ಟರು. ತೊಂಬತ್ತರ ಕಾಲಿಗೆ ಆಗುವುದು ಎಪ್ಪತ್ತೈದರ ಕಾಲಿಗೆ ಆಗದೇ?

ನಮ್ಮ ಹಿರಿಯರಲ್ಲಿ ವ್ಯಾಯಾಮವೆಂದರೆ ವಾಕಿಂಗ್. ಬೆಳಿಗ್ಗೆ ಯಾವ ಉದ್ಯಾನಕ್ಕೆ ಹೋದರೂ ಬಿಳಿ ಬೂಟಿನ ಅಂಕಲ್‌ಗಳ ಸಾಲು. ವಾಕಿಂಗ್ ಒಳ್ಳೆಯದೇ, ಹೃದಯಕ್ಕೂ ಸಕ್ಕರೆಗೂ ಮನಸ್ಸಿಗೂ. ಆದರೆ ಬೀಳದಂತೆ ಕಾಪಾಡಲು ಅದೊಂದೇ ಸಾಲದು. 2019ರಲ್ಲಿ ಕಾಕ್ರೇನ್ ಸಂಸ್ಥೆಯವರು 108 ಪ್ರಯೋಗಗಳನ್ನು, ಒಟ್ಟು 23 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ವ್ಯಾಯಾಮದಿಂದ ಬೀಳುವಿಕೆ ಶೇಕಡಾ 23ರಷ್ಟು ತಗ್ಗುತ್ತದೆ. ಕೆಲಸ ಮಾಡುವುದು ಮುಖ್ಯವಾಗಿ ಸಮತೋಲದ ಮತ್ತು ಎದ್ದು ಕೂರುವಂಥ ವ್ಯಾಯಾಮಗಳು. ಬರೀ ನಡಿಗೆಯಿಂದ ಬೀಳುವುದು ತಗ್ಗುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯೂ ಇದನ್ನೇ ಹೇಳುತ್ತದೆ: 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ, ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ, ಮೂರು ದಿನವಾದರೂ ಸಮತೋಲಕ್ಕೆ ಒತ್ತುಕೊಟ್ಟ ವ್ಯಾಯಾಮ.

ಅಪ್ಪನಿಗೆ ಇದೆಲ್ಲ ಹೇಳಿದರೆ, ‘ನಾನು ಎಂತ ಪೈಲ್ವಾನನಾ?’ ಎಂದರು. ಹೌದು, ಒಂದು ಲೆಕ್ಕದಲ್ಲಿ ಆಗಿದ್ದರು. ಹೋಟೆಲಿನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ನಿಂತ ಕಾಲು. ಆಮೇಲೆ ಡೊಂಬಿವಲಿಯಿಂದ ವಿಟಿಗೆ ಲೋಕಲ್. ಸೇತುವೆ ಹತ್ತಿ ಇಳಿ, ಗಾಡಿಯಲ್ಲಿ ಒಂದೂಕಾಲು ಗಂಟೆ ನಿಲ್ಲು, ಮತ್ತೆ ಹತ್ತಿ ಇಳಿ, ಸಂಜೆ ಅದೇ ತಿರುಗಾ ಮುರುಗಾ. ಓಡುವ ಗಾಡಿಯಲ್ಲಿ ಏನನ್ನೂ ಹಿಡಿಯದೆ ನಿಂತು ಪೇಪರು ಓದುವುದಕ್ಕಿಂತ ದೊಡ್ಡ ಸಮತೋಲದ ವ್ಯಾಯಾಮ ಯಾವ ಜಿಮ್ಮಿನಲ್ಲಿದೆ? 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನವರ ಬಗ್ಗೆ ಬರೆದದ್ದು ಇಲ್ಲಿ ನೆನಪಾಗುತ್ತದೆ. ದಿನವಿಡೀ ಕೂರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ನಮ್ಮ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕ್ಕರುಗಳು 2023ರ ಸೆಪ್ಟೆಂಬರಿನಲ್ಲಿ ರಸ್ತೆ ಬಿಟ್ಟವು. ಆ ಕಂಡಕ್ಟರುಗಳ ಕಾಲಿನ ಲೆಕ್ಕ ಯಾರಾದರೂ ಇಟ್ಟಿದ್ದರೆ ಚೆನ್ನಾಗಿತ್ತು. ಮುಂಬಯಿ ನಮ್ಮ ಹಿರಿಯರಿಗೆ ಕೇಳದೆಯೇ ವ್ಯಾಯಾಮ ಮಾಡಿಸಿತು. ನಿವೃತ್ತಿಯ ಮರುದಿನ ಅಷ್ಟನ್ನೂ ಒಮ್ಮೆಗೇ ನಿಲ್ಲಿಸಿತು. ಅಪ್ಪನಿಗೆ ಉಳಿದದ್ದು ಐವತ್ತನಾಲ್ಕು ಮೆಟ್ಟಿಲು. ಅದನ್ನೂ ನಾನು ಕಸಿದುಕೊಂಡಿದ್ದೆ.

ಶುರುವಾದದ್ದು ಕುರ್ಚಿಯಿಂದ. ಎರಡು ದಿಂಬು ಇಟ್ಟು ಎತ್ತರ ಮಾಡಿದ ಕುರ್ಚಿಯಿಂದ ಐದು ಸಲ ಏಳುವುದು, ದಿನಕ್ಕೆ ಮೂರು ಬಾರಿ. ಎರಡು ವಾರಕ್ಕೆ ಒಂದು ದಿಂಬು ಹೋಯಿತು, ಆಮೇಲೆ ಇನ್ನೊಂದು. ಕೂರುವಾಗ ದೊಪ್ಪನೆ ಬೀಳದೆ ನಾಲ್ಕು ಎಣಿಸುತ್ತ ಕೂರಬೇಕು. ಅಡಿಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಕಟ್ಟೆಯ ಹತ್ತಿರವೇ ಒಂದು ಕಾಲಿನ ಮುಂದೆ ಇನ್ನೊಂದು ಕಾಲು ತಾಗಿಸಿ ನಿಲ್ಲುವುದು, ಮೊದಲು ಎರಡು ಕೈ ಹಿಡಿದು, ಆಮೇಲೆ ಒಂದು ಬೆರಳು, ಆಮೇಲೆ ಬರೀ ಗಾಳಿ. ಪ್ರಗತಿ ದಾಖಲಿಸಲು ನಾನೊಂದು ಎಕ್ಸೆಲ್ ಶೀಟು ಮಾಡಿದೆ, ಬಣ್ಣದ ಗ್ರಾಫ್ ಸಮೇತ. ಅಪ್ಪ ಅದನ್ನು ಒಮ್ಮೆ ನೋಡಿ, ಹಳೆಯ ಡೈರಿಯೊಂದರಲ್ಲಿ ಗೆರೆ ಎಳೆದು ಕನ್ನಡ ಅಂಕಿಗಳಲ್ಲಿ ತಾವೇ ಬರೆಯತೊಡಗಿದರು. ಕಾಲ ನಿಯಂತ್ರಕಿ ನನ್ನ ಎಂಟು ವರ್ಷದ ಮಗಳು. ‘ಅಜ್ಜ, ಅದು ಅರ್ಧ ಎದ್ದದ್ದು, ಲೆಕ್ಕಕ್ಕಿಲ್ಲ’ ಎಂದು ಅವಳು ಕಡಿತ ಮಾಡುವಾಗ ಯಾವ ಆಡಿಟರೂ ನೆನಪಾಗಬೇಕು.

ಎಲ್ಲ ದಿನವೂ ಹೀಗೆ ನಗುತ್ತ ಕಳೆಯಲಿಲ್ಲ. ನವೆಂಬರಿನಲ್ಲಿ ಮೊಣಕಾಲು ಊದಿ ಒಂದು ವಾರ ನಿಂತುಹೋಯಿತು. ಇನ್ನೊಂದು ದಿನ ‘ಸಾಕು, ನನ್ನ ಕಾಲ ಆಯ್ತು, ಇನ್ನು ಯಾರಿಗೆ ತೋರಿಸ್ಲಿಕ್ಕೆ?’ ಎಂದು ಬಾಗಿಲು ಹಾಕಿಕೊಂಡರು. ಅಂದು ನಾನೇನೂ ಹೇಳಲಿಲ್ಲ. ಸಂಜೆ ಫಿಸಿಯೋ ಹುಡುಗಿ ಬಂದು, ‘ಕಾಕಾ, ನಿಮಗೆ ಏನು ಬೇಕು? ನಿಮ್ಮ ಮಗಳಿಗಲ್ಲ, ನಿಮಗೆ’ ಎಂದು ಕೇಳಿದಳು. ಅಪ್ಪ ತಡಮಾಡದೆ ಹೇಳಿದರು: ನನ್ನ ಮನೆಗೆ ಹೋಗಬೇಕು. ನಾಲ್ಕು ತಿಂಗಳು ಒಂದೇ ಸೂರಿನಡಿ ಇದ್ದೂ ಈ ಪ್ರಶ್ನೆ ನಾನು ಕೇಳಿರಲಿಲ್ಲ.

ಅಲ್ಲಿಂದ ಮೆಟ್ಟಿಲಿನ ಪಾಠ. ನಮ್ಮ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಇಳಿಯಲೆಂದು ಕಟ್ಟಿದ ಮೆಟ್ಟಿಲುಗಳಿವೆ, ಮನುಷ್ಯರ ಸುಳಿವಿಲ್ಲ. ಅಲ್ಲಿ ಅಭ್ಯಾಸ. ಹತ್ತುವುದು ಕಷ್ಟವೆಂದು ನಾವು ತಿಳಿಯುತ್ತೇವೆ, ಆದರೆ ಇಳಿಯುವುದೇ ಅಪಾಯ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಯ ಭಾರ ತಡೆಯಬೇಕು. ನೋವಿರುವ ಕಾಲಿನವರು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಇಡಬೇಕೆಂದು ಕಲಿಸಿದಳು. ಆಮೇಲೆ ಚೀಲ ಬಂತು, ಮೊದಲು ಒಂದು ಲೀಟರ್ ನೀರಿನ ಬಾಟಲಿ, ಆಮೇಲೆ ಎರಡು. ಡೊಂಬಿವಲಿಯಲ್ಲಿ ಬರಿಗೈಯಲ್ಲಿ ಯಾರು ಹತ್ತುತ್ತಾರೆ?

ಕೊನೆಗೆ ಕಲಿಸಿದ್ದು ನೆಲದಿಂದ ಏಳುವುದು. ಇದನ್ನು ಮೊದಲೇ ಕಲಿಸಬೇಕಿತ್ತು ಎಂದು ನನಗನ್ನಿಸಿತು, ಆದರೆ ಅದಕ್ಕೆ ಕಾಲು ತಯಾರಾಗಬೇಕಿತ್ತು. ಬಿದ್ದ ಮೇಲೆ ಗಾಬರಿಯಿಂದ ನೇರ ಏಳಲು ಹೋಗಬಾರದು. ಮೊದಲು ಉಸಿರು, ಎಲ್ಲಿ ನೋವಿದೆ ಎಂದು ನೋಡುವುದು. ಆಮೇಲೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಹತ್ತಿರದ ಕುರ್ಚಿಯವರೆಗೆ ತೆವಳಿ, ಅದರ ಮೇಲೆ ಕೈಯಿಟ್ಟು, ಗಟ್ಟಿ ಕಾಲನ್ನು ಮುಂದಿಟ್ಟು ಏಳುವುದು. ಚಾಪೆಯ ಮೇಲೆ ಮೊದಲ ಸಲ ಅಪ್ಪ ಇದನ್ನು ಮಾಡಲು ಆರು ನಿಮಿಷ ಬೇಕಾಯಿತು. ಎದ್ದು ನಿಂತವರು ಅಳುತ್ತಿದ್ದರು. ನಾನೂ. ಮಗಳು ಸ್ಟಾಪ್‌ವಾಚ್ ಒತ್ತಲು ಮರೆತಿದ್ದಳು. ಹಿಂದೆಲ್ಲ ನಮ್ಮ ಮನೆಗಳಲ್ಲಿ ಊಟ, ಪೂಜೆ, ತರಕಾರಿ ಹೆಚ್ಚುವುದು ಎಲ್ಲ ನೆಲದ ಮೇಲೆಯೇ. ದಿನಕ್ಕೆ ಹತ್ತಿಪ್ಪತ್ತು ಸಲ ಈ ಅಭ್ಯಾಸ ತಾನಾಗಿ ಆಗುತ್ತಿತ್ತು. ಸೋಫಾ ಬಂತು, ಡೈನಿಂಗ್ ಟೇಬಲ್ ಬಂತು, ನೆಲ ನಮಗೆ ದೂರವಾಯಿತು.

ಕುರ್ಚಿ ಹಿಡಿದು ವ್ಯಾಯಾಮ ಮಾಡುವುದು ಅಪ್ಪನಿಗೆ ಮೊದಮೊದಲು ಅವಮಾನವೆನಿಸುತ್ತಿತ್ತು. ಆಗ ನಾನು ಬಿ.ಕೆ.ಎಸ್. ಅಯ್ಯಂಗಾರರ ಹೆಸರು ತೆಗೆದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು ಹುಟ್ಟಿದವರು. (ಅದೇ ತಿಂಗಳ 25ರಂದು ಇಲ್ಲಿ ವರ್ಸೋವಾದಲ್ಲಿ, ಈಗ ಸಾಂತಾಕ್ರೂಜ್‌ನಲ್ಲಿರುವ ಯೋಗ ಇನ್‌ಸ್ಟಿಟ್ಯೂಟ್ ಹುಟ್ಟಿತು.) ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಂಡ ಬಡಕಲು ಹುಡುಗ, ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು 1937ರಲ್ಲಿ ಪುಣೆಗೆ ಬಂದರು. ಪುಣೆಯಿಂದ ರೈಲಿನಲ್ಲಿ ಮುಂಬಯಿಗೂ ಬಂದು ಕಲಿಸುತ್ತಿದ್ದರು. ಕುರ್ಚಿ, ಮರದ ಇಟ್ಟಿಗೆ, ಬೆಲ್ಟು, ಗೋಡೆಯ ಹಗ್ಗಗಳನ್ನು ಯೋಗದೊಳಗೆ ತಂದವರು ಅವರೇ, ಆಗದವರಿಗೂ ಆಗಲಿ ಎಂದು. ಬೆಲ್ಜಿಯಂನ ರಾಣಿ ಎಲಿಸಬೆತ್‌ಗೆ ಎಂಬತ್ತು ದಾಟಿದ ಮೇಲೆ ಶೀರ್ಷಾಸನ ಕಲಿಸಿದ ಕಥೆ ಪ್ರಸಿದ್ಧ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಬೇರೆ: ಅರವತ್ತರ ಹೊತ್ತಿಗೆ ಸ್ಕೂಟರ್ ಅಪಘಾತದಲ್ಲಿ ಬೆನ್ನು, ಭುಜ, ಮೊಣಕಾಲಿಗೆ ಪೆಟ್ಟಾಗಿ, ಜಗತ್ತಿಗೇ ಗುರುವಾದವರು ಅ ಆ ಇ ಈ ಇಂದ ಅಭ್ಯಾಸ ಶುರುಮಾಡಿದ್ದು. 2014ರಲ್ಲಿ, 95ನೇ ವಯಸ್ಸಿನಲ್ಲಿ, ತೀರಿಕೊಂಡರು. ‘ಅವರೂ ಕುರ್ಚಿ ಹಿಡಿತಿದ್ರಾ?’ ಎಂದು ಕೇಳಿದ ಅಪ್ಪ ಮತ್ತೆ ತಕರಾರು ತೆಗೆಯಲಿಲ್ಲ.

ಊಟದ ಜಗಳ ಇನ್ನೂ ಮುಗಿದಿಲ್ಲ. ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಸಿಕ್ಕರೆ ಅಪ್ಪನಿಗೆ ಸ್ವರ್ಗ. ಸ್ನಾಯು ಕಟ್ಟಲು ಹಿರಿಯರಿಗೆ ಮೈತೂಕದ ಕಿಲೋಗೆ ದಿನಕ್ಕೆ ಒಂದು ಗ್ರಾಮಿನಷ್ಟು, ತುಸು ಹೆಚ್ಚೇ, ಪ್ರೊಟೀನ್ ಬೇಕೆಂಬುದು ತಜ್ಞರ ಮಾತು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಈಗ ಗಂಜಿಯ ಜತೆ ಹೆಸರುಕಾಳಿನ ಪಲ್ಯವೋ ಮೊಟ್ಟೆಯೋ ಇರುತ್ತದೆ, ಮಧ್ಯಾಹ್ನ ಮೀನು, ರಾತ್ರಿ ಮೊಸರು. ಪ್ರೊಟೀನ್ ಪುಡಿಯ ಡಬ್ಬಿ ತಂದಿದ್ದೆ. ಅದನ್ನು ಒಂದು ದಿನ ಕುಡಿದು, ‘ಇದು ಸುಣ್ಣದ ನೀರು’ ಎಂದು ನನಗೇ ಕೊಟ್ಟರು.

ಫೆಬ್ರವರಿಯಲ್ಲಿ ಕುರ್ಚಿ ಪರೀಕ್ಷೆಯಲ್ಲಿ ಹನ್ನೆರಡು ಬಂತು. ಅಂದು ಸಾಲಾಗಿ ಎಲ್ಲರೂ ಮಾಡಿದೆವು. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವ ನನಗೆ, ಮೂವತ್ತೆಂಟರ ವಯಸ್ಸಿಗೆ, ಹದಿನಾರು. ಕೊನೆಯ ನಾಲ್ಕಕ್ಕೆ ತೊಡೆ ಉರಿಯುತ್ತಿತ್ತು. ಗಂಡ ಎಷ್ಟು ಮಾಡಿದರೆಂದು ಬರೆಯಬಾರದೆಂದು ತಾಕೀತಾಗಿದೆ.

ಅದೇ ತಿಂಗಳ ಕೊನೆಯ ಭಾನುವಾರ ಡೊಂಬಿವಲಿಗೆ ಹೋದೆವು. ನಾನು ಹಿಂದೆ, ಬಿದ್ದರೆ ಹಿಡಿಯಲೆಂದು. ಅಪ್ಪ ಕಟಕಟೆ ಹಿಡಿದು, ಪ್ರತಿ ಮಾಳಿಗೆಯಲ್ಲಿ ಒಂದು ಉಸಿರು ನಿಂತು, ಹತ್ತಿದರು. ಬಾಗಿಲ ಬಳಿ ಅಜ್ಜಿ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ, ರಬ್ಬರ್ ಚಾಪೆ ಇದೆ, ಫೋನು ಅಂಗಿಯ ಕಿಸೆಯಲ್ಲೇ ಇರಬೇಕೆಂಬ ಕರಾರಿದೆ. ಹೆದರಿಕೆ ಹೋಗಿಲ್ಲ. ರಾತ್ರಿ ಹತ್ತಕ್ಕೆ ಅವರ ಫೋನು ಬರುವವರೆಗೆ ನನಗೆ ನಿದ್ದೆ ಇಲ್ಲ. ಬಿದ್ದರೂ ಬೀಳಬಹುದು. ಹೀಗೆ ಒಬ್ಬರೇ ಬಿಟ್ಟದ್ದು ಸರಿಯೇ ಎಂದು ಕೇಳುವ ಸಂಬಂಧಿಕರಿದ್ದಾರೆ, ಅವರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಈಗ ಬೆಳಿಗ್ಗೆ ಏಳಕ್ಕೆ ಮೂರನೇ ಮಾಳಿಗೆಯ ಓಣಿಯಲ್ಲಿ ನಾಲ್ಕು ಕುರ್ಚಿ ಬೀಳುತ್ತವೆ: ಅಪ್ಪ, ಪಕ್ಕದ ಅಜ್ಜಿ, ಎರಡನೇ ಮಾಳಿಗೆಯ ತಮಿಳು ದಂಪತಿ. ಅಜ್ಜಿ ಮರಾಠಿಯಲ್ಲಿ ಎಣಿಸುತ್ತಾರೆ, ಅಪ್ಪ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಹೋದ ವಾರ ಸೊಸೈಟಿಯ ಸಭೆ ಇತ್ತಂತೆ. ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುವ ಮಾತು. ಬಿಲ್ಡರ್ ಬಂದು ಹದಿನಾಲ್ಕು ಮಾಳಿಗೆ, ಎರಡು ಲಿಫ್ಟ್ ಎಂದು ಚಿತ್ರ ತೋರಿಸಿದನಂತೆ. ಏನು ಹೇಳಿದಿರಿ ಎಂದು ಕೇಳಿದೆ.

‘ಎಂತ ಹೇಳುದು? ಮೆಟ್ಟಿಲು ಎಷ್ಟು ಅಗಲ ಅಂತ ಕೇಳಿದೆ’ ಎಂದರು.